ಛತ್ರಿ ಯಾರು?

ಜುಲೈ ತಿಂಗಳ ಭಾನುವಾರ ನಮ್ಮ ಚರ್ಚಿನ ಜಗಲಿಯನ್ನು ಒಮ್ಮೆ ನೋಡಬೇಕು. ಒಳಗೆ ನೂರು ಜನ ಇದ್ದರೆ ಹೊರಗೆ ಎಂಬತ್ತು ಛತ್ರಿ. ಹೆಚ್ಚಿನವು ಕರಿ ಬಣ್ಣದವು, ಬಾಗಿದ ಹಿಡಿಕೆಯವು. ಗೋಡೆಗೆ ಒರಗಿಸಿಟ್ಟದ್ದು ಜಾರಿ, ಒಂದರ ಮೇಲೊಂದು ಬಿದ್ದು, ಕೆಳಗೆ ನೀರು ಬಸಿದು ಮೆಟ್ಟಿಲ ತನಕ ಹರಿದಿರುತ್ತದೆ. ಒದ್ದೆ ಬಟ್ಟೆ, ತುಕ್ಕು ಹಿಡಿದ ಕಡ್ಡಿ, ಎರಡೂ ಸೇರಿದ ಒಂದು ವಾಸನೆ. ಕೊನೆಯ 'ಆಮೆನ್' ಅಂದದ್ದೇ ತಡ, ಎಲ್ಲರೂ ಒಟ್ಟಿಗೇ ಹೊರಗೆ ಬರುತ್ತಾರೆ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಮಳೆಗೆ ಇಳಿಯುತ್ತಾರೆ.

ನನ್ನ ಹೆಂಡತಿ ವಿಜಯಪುರದವಳು. ಅವರೂರಲ್ಲಿ ಛತ್ರಿ ಹಿಡಿಯುವುದೇ ಬಿಸಿಲಿಗೆ. ಅಲ್ಲಿ ಬೀಳುವ ಮಳೆಯ ಸುಮಾರು ಎರಡು ಪಟ್ಟು ನಮ್ಮ ಬೆಳಗಾವಿಯಲ್ಲಿ ಬೀಳುತ್ತದೆ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಈ ಜಗಲಿ ನೋಡಿ ಅವಳು ಕೇಳಿದ್ದಳು, "ಇದರಾಗ ನಮ್ದು ಯಾವುದು ಅಂತ ಹೆಂಗ ಗುರ್ತು ಹಿಡೀತೀರಿ?" ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಾವಿರಾರು ಸಹಿ ನೋಡಿದ ಕಣ್ಣು. "ನನಗ ಗೊತ್ತಾಗತೈತಿ ಬಿಡು" ಅಂದಿದ್ದೆ.

ಈ ಛತ್ರಿ ವಿಷಯ ಯಾಕೆ ಬಂತು ಅಂದರೆ, ಹೋದ ವರ್ಷ ನಾನೊಂದು ಪತ್ತೇದಾರಿ ಕಥೆ ಬರೆದೆ. ಅದೂ ಕ್ರೈಸ್ತ ಪತ್ತೇದಾರಿ ಕಥೆ. ನಮ್ಮ ಚರ್ಚಿನ ಸಭೆಯ ಯುವಜನರು ಒಂದು ಸಂಜೆ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಹಾಡು, ಕಿರುನಾಟಕ, ಆಮೇಲೆ ಅವಲಕ್ಕಿ ಚಹಾ. "ಸರ್, ನೀವು ರಿಟೈರ್ ಆಗೀರಿ, ಏನಾರ ಒಂದು ಬರೀರಿ" ಅಂದರು. ರಿಟೈರ್ ಆದವನಿಗೆ ಬರೆಯಲು ಬರುತ್ತದೆ ಅಂತ ಜನ ಯಾಕೆ ನಂಬುತ್ತಾರೋ ಗೊತ್ತಿಲ್ಲ. ಆದರೆ ನನಗೆ ಒಳಗೊಳಗೇ ಖುಷಿಯಾಯಿತು.

ಚಿಕ್ಕಂದಿನಿಂದ ಇದ್ದ ಚಟ ಅದು. ಬಾಡಿಗೆ ಪುಸ್ತಕದ ಅಂಗಡಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು, ಸಂಡೇ ಸ್ಕೂಲಿನ ಪಾಠದ ಪುಸ್ತಕದೊಳಗೆ ಇಟ್ಟು ಓದುತ್ತಿದ್ದೆ. ಒಂದು ದಿನ ಅಪ್ಪನ ಕೈಗೆ ಸಿಕ್ಕಿಬಿದ್ದೆ. ಇಂಥ ಪುಸ್ತಕ ಓದಿದರೆ ಮನಸ್ಸು ಕೆಡುತ್ತದೆ ಅಂತ ಅಪ್ಪ ಕಸಿದುಕೊಂಡರು. ಮೂರು ದಿನ ಬಿಟ್ಟು ವಾಪಸ್ ಕೊಟ್ಟರು. ಕೊನೆಯ ಪುಟದ ಹತ್ತಿರ ಒಂದು ಬಸ್ ಟಿಕೆಟ್ ಗುರುತಿಗೆ ಇತ್ತು. ನಾನು ಇಟ್ಟದ್ದಲ್ಲ.

ಪಾಸ್ಟರ್‌ಗೆ ಹೇಳಿದಾಗ ಅವರೂ ಸ್ವಲ್ಪ ಹಿಂಜರಿದರು. "ಪತ್ತೇದಾರಿ ಅಂದ್ರ ಕೊಲೆ, ಕಳವು ಬರತೈತಲ್ಲ ಸರ್. ನಮ್ಮಲ್ಲಿ ನಡೀತದೇನು?" ಆಗ ನಾನು ಫಾದರ್ ಬ್ರೌನ್ ಹೆಸರು ತೆಗೆದೆ. ಇಂಗ್ಲಿಷ್ ಲೇಖಕ ಜಿ.ಕೆ. ಚೆಸ್ಟರ್ಟನ್ 1910ರಲ್ಲಿ ಅವನ ಮೊದಲ ಕಥೆ ಬರೆದರು. ಕುಳ್ಳಗೆ, ದುಂಡಗೆ ಇರುವ ಒಬ್ಬ ಪಾದ್ರಿ ಅದರಲ್ಲಿ ಕಳ್ಳನನ್ನು ಹಿಡಿಯುತ್ತಾನೆ. ಇದರ ಹುಟ್ಟಿನ ಕಥೆಯೂ ಚೆನ್ನಾಗಿದೆ. ಜಾನ್ ಓಕಾನರ್ ಅನ್ನುವ ನಿಜವಾದ ಪಾದ್ರಿ ಚೆಸ್ಟರ್ಟನ್‌ಗೆ ಗೆಳೆಯ. ಲೋಕದ ಕೆಟ್ಟತನದ ಬಗ್ಗೆ ಆ ಪಾದ್ರಿಗೆ ತನಗಿಂತ ಜಾಸ್ತಿ ಗೊತ್ತಿದೆ ಅಂತ ಒಂದು ದಿನ ಮಾತಾಡುತ್ತಾ ತಿಳಿದು ಚೆಸ್ಟರ್ಟನ್ ದಂಗಾದರು. ಅದೇ ಹೊತ್ತಿಗೆ ಇಬ್ಬರು ಕೇಂಬ್ರಿಜ್ ಹುಡುಗರು, 'ಪಾಪ, ಗೋಡೆಯೊಳಗೆ ಇರುವ ಪಾದ್ರಿಗಳಿಗೆ ಲೋಕ ಏನು ಗೊತ್ತು' ಅನ್ನುವ ಅರ್ಥದಲ್ಲಿ ಮಾತಾಡಿದರಂತೆ. ವರ್ಷಗಟ್ಟಲೆ ಕೂತು ಪಾಪನಿವೇದನೆ ಕೇಳಿದವನಿಗೆ ಲೋಕ ಗೊತ್ತಿಲ್ಲ ಅಂದರೆ ನಗು ಬರುವುದಿಲ್ಲವಾ? ಆ ನಗುವಿನಿಂದ ಫಾದರ್ ಬ್ರೌನ್ ಹುಟ್ಟಿದ.

ಆ ಫಾದರ್ ಬ್ರೌನ್ ಕೈಯಲ್ಲಿ ಏನಿರುತ್ತದೆ ಹೇಳಿ? ಒಂದು ದೊಡ್ಡ, ಹಳೇ ಛತ್ರಿ. ಪದೇ ಪದೇ ಕೆಳಗೆ ಬೀಳುತ್ತಿರುತ್ತದೆ. ಪಾಸ್ಟರ್ ತಮ್ಮ ಛತ್ರಿ ಕಡೆ ನೋಡಿಕೊಂಡು, "ಹಂಗಾದ್ರ ಬರೀರಿ" ಅಂದರು. ಆಮೇಲೆ ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದರು, "ಬೈಬಲ್ ವಚನ ಎಷ್ಟು ಬರತಾವ?"

ಇದೇ ನೋಡಿ ತೊಡಕು. ಕ್ರೈಸ್ತ ಕಥೆ ಅಂದಕೂಡಲೇ ಎಲ್ಲರೂ ವಚನ ಎಣಿಸುತ್ತಾರೆ. ಕೊನೆಗೆ ಕಳ್ಳ ಮೊಣಕಾಲೂರಿ ಅಳಬೇಕು, ಎಲ್ಲರೂ ಹಾಡಬೇಕು. ಅಂಥ ಕಥೆ ನಾನೂ ಓದಿದ್ದೇನೆ. ಕಥೆಯೂ ಕೆಡುತ್ತದೆ, ಉಪದೇಶದ ಪ್ರಸಂಗವೂ ಕೆಡುತ್ತದೆ. ಅಯ್ಯೋ, ಪ್ರಸಂಗ ಭಾನುವಾರ ಹೇಗೂ ಕೇಳುತ್ತೇವಲ್ಲ! ಯುವಜನರಿಗೆ ಇನ್ನೊಂದು ಆಸೆ. "ಸರ್, ಮರ್ಡರ್ ಇರಲಿ. ಗಂಟೆಗೋಪುರದಾಗ ಹೆಣ ಸಿಗಲಿ." ನಮ್ಮ ಚರ್ಚಿಗೆ ಗೋಪುರವೇ ಇಲ್ಲ. ಗಂಟೆ ಬೇವಿನ ಮರಕ್ಕೆ ಕಟ್ಟಿದೆ.

ರಾನಲ್ಡ್ ನಾಕ್ಸ್ ಅಂತ ಇನ್ನೊಬ್ಬ ಇಂಗ್ಲಿಷ್ ಪಾದ್ರಿ. ತಾವೇ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು, ಮುಂದೆ ಬೈಬಲನ್ನೂ ಅನುವಾದ ಮಾಡಿದರು. ಅವರು 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಮಾಡಿದರು. ಬೈಬಲಿನ ಹತ್ತು ಆಜ್ಞೆಗಳ ಲೆಕ್ಕದಲ್ಲೇ! ಎರಡನೆಯದು ನನಗೆ ಬಹಳ ಇಷ್ಟ. ಕಥೆಯಲ್ಲಿ ದೈವಿಕ, ಮಾಯಾವಿ ಶಕ್ತಿಗಳು ಬರಕೂಡದು. ಅಂದರೆ, ಪವಾಡಗಳನ್ನು ನಂಬುವ ಪಾದ್ರಿಯೇ 'ಇಲ್ಲಿ ಪವಾಡ ನಡೆಯಲ್ಲ, ತಲೆ ಓಡಿಸಿ' ಅಂತಿದ್ದಾರೆ. ಕೊಟ್ಟ ಬುದ್ಧಿಯನ್ನು ಬಳಸುವುದೂ ಒಂದು ಭಕ್ತಿ ಅಲ್ವಾ? ಏಳನೆಯ ನಿಯಮ, ಪತ್ತೇದಾರನೇ ಅಪರಾಧ ಮಾಡಿರಬಾರದು. ಇದು ಎಲ್ಲರಿಗೂ ಗೊತ್ತಿರುವುದೇ, ಇದನ್ನೂ ಬರೆಯಬೇಕಿತ್ತಾ ಅಂದುಕೊಂಡಿದ್ದೆ.

ಕೊನೆಗೆ ನಾನು ಆರಿಸಿಕೊಂಡದ್ದು ಛತ್ರಿ. ಪಾಸ್ಟರ್ ಛತ್ರಿ ಕಳವಾಗುತ್ತದೆ, ಅಷ್ಟೇ. 1820ರಲ್ಲಿ ಲಂಡನ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಜೋಸೆಫ್ ಟೇಲರ್ ಬೆಳಗಾವಿಗೆ ಬಂದು ನೆಲೆ ನಿಂತರು. 1904ರಲ್ಲಿ ಆ ಮಿಷನ್ ಕೆಲಸವನ್ನು ಮೆಥೊಡಿಸ್ಟ್ ಪಂಗಡದವರು ವಹಿಸಿಕೊಂಡರು. ಇನ್ನೂರು ಮಳೆಗಾಲ ಕಳೆದಿವೆ. ಇಷ್ಟು ವರ್ಷದಲ್ಲಿ ಈ ಊರಲ್ಲಿ ಎಷ್ಟು ಛತ್ರಿ ಅದಲುಬದಲಾಗಿರಬಹುದು, ಯೋಚನೆ ಮಾಡಿ. ಮೇಲಾಗಿ ಬೆಂಗಳೂರು ಕಡೆಯವರು ಚಾಲಾಕಿ ಮನುಷ್ಯನಿಗೆ 'ದೊಡ್ಡ ಛತ್ರಿ ಅವನು' ಅಂತಾರಲ್ಲ, ಆ ಮಾತೂ ಕಥೆಗೆ ಒದಗಿತು. ಹೆಸರು, 'ಛತ್ರಿ ಯಾರು?'

ಪತ್ತೇದಾರ ಯಾರಾಗಬೇಕು? ನಮ್ಮ ಚರ್ಚಿನ ಕಸ ಗುಡಿಸುವ ಆಯಿ ಕಣ್ಣ ಮುಂದೆ ಬಂದರು. ಯಾರ ಚಪ್ಪಲಿ ಯಾವುದು, ಯಾರು ತಡವಾಗಿ ಬರುತ್ತಾರೆ, ಯಾರು ಪ್ರಸಂಗದ ನಡುವೆ ಎದ್ದು ಹೋಗುತ್ತಾರೆ, ಎಲ್ಲ ಅವರಿಗೆ ಗೊತ್ತು. ನೆಲ ನೋಡುವವರಿಗೆ ಗೊತ್ತಾಗುವಷ್ಟು ಮುಖ ನೋಡುವವರಿಗೆ ಗೊತ್ತಾಗುವುದಿಲ್ಲ.

ಆಯಿ ಕಳ್ಳನನ್ನು ಹಿಡಿಯುವ ದಾರಿ ಮಾತ್ರ ನನ್ನದಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಟೀಚರ್ ಬಾಯಿ ಇದ್ದಾರೆ, ಕಥೋಲಿಕರು, ಮನೆಮಾತು ಕೊಂಕಣಿ. ನಮ್ಮ ಪ್ರೊಟೆಸ್ಟಂಟರ ಬೈಬಲ್ ಆದ ಸತ್ಯವೇದದಲ್ಲಿ ಪ್ರವಾದಿ ದಾನಿಯೇಲನ ಪುಸ್ತಕಕ್ಕೆ ಹನ್ನೆರಡು ಅಧ್ಯಾಯ. ಅವರ ಬೈಬಲ್‌ನಲ್ಲಿ ಹದಿನಾಲ್ಕು. ಆ ಹೆಚ್ಚಿನ ಎರಡರಲ್ಲಿ ಎರಡು ಅಪ್ಪಟ ಪತ್ತೇದಾರಿ ಕಥೆಗಳಿವೆ. ಒಂದರಲ್ಲಿ, ಬೇಲ್ ಅನ್ನುವ ದೇವತೆ ದಿನಾ ರಾತ್ರಿ ಎಡೆ ತಿಂದು ಮುಗಿಸುತ್ತದೆ ಅಂತ ರಾಜ ನಂಬಿರುತ್ತಾನೆ. ದಾನಿಯೇಲ ಗುಡಿಯ ನೆಲಕ್ಕೆಲ್ಲ ಬೂದಿ ಉದುರಿಸಿ, ಬಾಗಿಲಿಗೆ ಮುದ್ರೆ ಹಾಕಿಸುತ್ತಾನೆ. ಬೆಳಗ್ಗೆ ನೋಡಿದರೆ ಬೂದಿ ಮೇಲೆ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆ! ಪೂಜಾರಿಗಳು ಸಂಸಾರ ಸಮೇತ ಕಳ್ಳಬಾಗಿಲಿನಿಂದ ಬಂದು ತಿಂದುಹೋಗಿದ್ದರು. "ನಿಮ್ಮ ಬೈಬಲ್‌ದಾಗ ಇದು ಇಲ್ಲ ಅಂದ್ರ ನಿಮಗ ಲುಕ್ಸಾನು ನೋಡ್ರಿ" ಅಂದರು ಬಾಯಿ. ಲುಕ್ಸಾನೇ. ಬೂದಿಯ ಬದಲು ನಾನು ಛತ್ರಿಯಿಂದ ಬಸಿದ ನೀರಿನ ಗೆರೆ ಇಟ್ಟುಕೊಂಡೆ. ಕಥೆಯಲ್ಲಿ ಆಯಿ ಅದನ್ನು ಹಿಡಿದು ಒಂದು ಮನೆ ಬಾಗಿಲ ತನಕ ಹೋಗುತ್ತಾರೆ.

ಅಲ್ಲಿಗೆ ನನ್ನ ಪೆನ್ನು ನಿಂತಿತು. ದಾನಿಯೇಲನ ಕಥೆಯಲ್ಲಿ ರಾಜ ಆ ಪೂಜಾರಿಗಳನ್ನೆಲ್ಲ ಕೊಲ್ಲಿಸಿಬಿಡುತ್ತಾನೆ. ಒಂದು ಛತ್ರಿಗೆ ನಾನು ಏನು ಮಾಡಿಸಲಿ? ಸಭೆಯ ಮುಂದೆ ನಿಲ್ಲಿಸಲಾ? ಎರಡು ವಾರ ಕಥೆ ಹಾಗೇ ಇತ್ತು. ಒಂದು ರಾತ್ರಿ ಬೈಬಲಿನ ಆದಿಕಾಂಡ ಓದುತ್ತಿದ್ದೆ. ಆದಾಮ ಹಣ್ಣು ತಿಂದು ಮರಗಳ ಹಿಂದೆ ಅಡಗಿಕೊಂಡಿದ್ದಾನೆ. ದೇವರು 'ಎಲ್ಲಿದ್ದೀ?' ಅಂತ ಕೇಳುತ್ತಾನೆ. ದೇವರಿಗೆ ಗೊತ್ತಿಲ್ಲವಾ ಅವನೆಲ್ಲಿದ್ದಾನೆ ಅಂತ? ನಮ್ಮವ್ವನೂ ಹೀಗೇ. ಡಬ್ಬಿಯಲ್ಲಿದ್ದ ಅಮೀನಗಡದ ಕರದಂಟು ಕಡಿಮೆಯಾದರೆ "ಯಾರು ತಿಂದ್ರು?" ಅನ್ನುತ್ತಿದ್ದಳು. ನನ್ನ ಗಲ್ಲಕ್ಕೆ ಅಂಟಿದ ಬೆಲ್ಲ ಅವಳಿಗೆ ಕಾಣುತ್ತಲೇ ಇತ್ತು. ಆದರೂ ಕೇಳುತ್ತಿದ್ದಳು. ಕೇಳಿ, ಒಲೆ ಕಡೆ ತಿರುಗಿ ನಿಲ್ಲುತ್ತಿದ್ದಳು. ನಾನು ಹೇಳುವ ತನಕ ಈ ಕಡೆ ನೋಡುತ್ತಿರಲಿಲ್ಲ.

ಆ ರಾತ್ರಿಯೇ ಕಥೆ ಮುಗಿಸಿದೆ. ಆಯಿ ಆ ಮನೆ ಬಾಗಿಲಲ್ಲಿ ನಿಂತು, "ಮಳಿ ಜೋರ ಐತಿ. ಛತ್ರಿ ಐತಿಲ್ಲೋ ಯಪ್ಪಾ?" ಅಂತ ಕೇಳುತ್ತಾರೆ. ಉತ್ತರಕ್ಕೆ ಕಾಯದೆ ವಾಪಸ್ ಹೋಗುತ್ತಾರೆ. ಮುಂದಿನ ಭಾನುವಾರ ಪಾಸ್ಟರ್ ಛತ್ರಿ ಜಗಲಿಯ ಮೊಳೆಗೆ ತೂಗುತ್ತಿರುತ್ತದೆ. ಕಳ್ಳನ ಹೆಸರು ನಾನು ಬರೆಯಲೇ ಇಲ್ಲ.

ಓದಿ ಮುಗಿಸಿದಾಗ ಯುವಜನರು ಸಿಟ್ಟಾದರು. "ಸರ್, ಕಳ್ಳ ಯಾರು ಅಂತ ಹೇಳದಿದ್ರ ಹೆಂಗ? ಇದು ಮೋಸ!" ಪತ್ತೇದಾರಿ ಕಥೆಯ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ಪಾಸ್ಟರ್ ಮಾತ್ರ, "ವಚನ ಒಂದೂ ಬರಲಿಲ್ಲಲ್ಲ" ಅಂದರು. ಅವಲಕ್ಕಿ ಚೆನ್ನಾಗಿತ್ತು. ಮನೆಗೆ ಬಂದೆ.

ಮೂರನೇ ದಿನ ಒಬ್ಬ ಹಿರಿಯರು ಮನೆಗೆ ಬಂದರು. ಚಹಾ ಕುಡಿದು, ಹವಾಮಾನ ಮಾತಾಡಿ, ಕೊನೆಗೆ, "ನಿಮಗ ಯಾರು ಹೇಳಿದ್ರು?" ಅಂದರು. ಏನು ಅಂದೆ. "ಅದೇ, ಛತ್ರಿದು. ನಾ ಬೇಕಂತ ತಂದಿದ್ದಲ್ಲರಿ. ಮನಿಗೆ ಬಂದ ಮ್ಯಾಲೆ ಗೊತ್ತಾತು. ಆಮ್ಯಾಲೆ ಕೊಡಾಕ ನಾಚಿಕಿ ಆತು." ನಾನು ಅವರನ್ನು ಮನಸ್ಸಿನಲ್ಲಿಟ್ಟು ಬರೆದೇ ಇರಲಿಲ್ಲ. ಯಾರನ್ನೂ ಇಟ್ಟುಕೊಂಡಿರಲಿಲ್ಲ. ಅದನ್ನು ಹೇಳಿದರೂ ಅವರು ನಂಬಲಿಲ್ಲ. ಅದೇ ಸಂಜೆ ಇನ್ನೊಬ್ಬರ ಫೋನು. ಶನಿವಾರ ಮತ್ತೊಬ್ಬರು ಖಡೇಬಜಾರಿನಲ್ಲಿ ಸಿಕ್ಕು, ನನ್ನನ್ನು ನೋಡಿ ಅಂಗಡಿಯೊಳಗೆ ಹೊಕ್ಕರು.

ಭಾನುವಾರ ಬೆಳಗ್ಗೆ ಜೋರು ಮಳೆ. ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಏಳು ಛತ್ರಿ ಉಳಿದಿದ್ದವು. ಬಟ್ಟೆ ಹೊಲಿಸಿದ್ದೊಂದು, ಹಿಡಿಕೆ ಒರೆಸಿ ಎಣ್ಣೆ ಹಚ್ಚಿದ್ದೊಂದು. ಒಂದಕ್ಕಂತೂ ಹೊಸ ಕಡ್ಡಿ ಹಾಕಿಸಿದ್ದರು. ಪಾಸ್ಟರ್ ಅವುಗಳನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಆಮೇಲೆ, "ಎರಡನೇ ಸಮುವೇಲ, ಹನ್ನೆರಡನೇ ಅಧ್ಯಾಯ" ಅಂದರು. ಅವರಿಗೆ ಬೇಕಾಗಿದ್ದ ವಚನ ಕೊನೆಗೂ ಸಿಕ್ಕಿತ್ತು. ದಾವೀದ ಅರಸ ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು, ಆ ಗಂಡನನ್ನೂ ಕೊಲ್ಲಿಸಿದಾಗ, ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಬಡವನೊಬ್ಬನ ಒಂದೇ ಕುರಿಮರಿಯನ್ನು ಸಾಹುಕಾರನೊಬ್ಬ ಕಿತ್ತುಕೊಂಡ ಕಥೆ. ದಾವೀದನಿಗೆ ಸಿಟ್ಟು ಬರುತ್ತದೆ. ಅಂಥವನು ಸಾಯಬೇಕು ಅಂತ ತೀರ್ಪನ್ನೂ ಕೊಟ್ಟುಬಿಡುತ್ತಾನೆ. ಆಗ ನಾತಾನ, 'ಆ ಮನುಷ್ಯನು ನೀನೇ' ಅನ್ನುತ್ತಾನೆ. ನಾತಾನನಾದರೂ ಹೆಸರು ಹೇಳಿದ. ನಾನು ಅಷ್ಟೂ ಹೇಳಿರಲಿಲ್ಲ. ಜನರೇ ಖಾಲಿ ಜಾಗದಲ್ಲಿ ತಮ್ಮ ತಮ್ಮ ಹೆಸರು ತುಂಬಿಕೊಂಡಿದ್ದರು.

ಒಂದೆರಡು ವಾರ ನಾನು ಸ್ವಲ್ಪ ಎದೆಯುಬ್ಬಿಸಿಯೇ ಓಡಾಡಿದೆ. ಸುಳ್ಳು ಯಾಕೆ ಹೇಳಲಿ? ಮುಂದಿನ ಕಥೆ ಯಾವುದರ ಮೇಲೆ, ಕಾಣಿಕೆ ಚೀಲದ ಮೇಲೋ, ಹಾಡಿನ ಪುಸ್ತಕದ ಮೇಲೋ ಅಂತ ಪಟ್ಟಿ ಕೂಡ ಮಾಡಿದೆ.

ಆಗಸ್ಟಿನ ಒಂದು ಭಾನುವಾರ ಚರ್ಚಿಗೆ ಹೊರಟಿದ್ದೆ. ಹೆಂಡತಿ ಬಾಗಿಲ ಹಿಂದಿನಿಂದ ನನ್ನ ಛತ್ರಿ ತೆಗೆದು ಕೈಗೆ ಕೊಟ್ಟಳು. ಕೊಡುತ್ತಾ ಹಿಡಿಕೆಯ ಕಡೆ ನೋಡಿ ಕೇಳಿದಳು, "ಈ ಕೆಂಪು ದಾರ ನೀವು ಯಾವಾಗ ಸುತ್ತಿದ್ರಿ?"

ಹಿಡಿಕೆಯ ಬುಡದಲ್ಲಿ ನಾಲ್ಕು ಸುತ್ತು ಕೆಂಪು ದಾರ. ಬಣ್ಣ ಮಾಸಿ, ಕರಿ ಬಟ್ಟೆಯೊಳಗೆ ಅರ್ಧ ಮುಚ್ಚಿಹೋಗಿತ್ತು. ನಾನು ಸುತ್ತಿದ್ದಲ್ಲ. ಹಿಂದಿನ ಮಳೆಗಾಲದಿಂದ ಹಿಡಿದುಕೊಂಡು ತಿರುಗಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ. ಕಥೆ ಓದಿದ ಸಂಜೆಯೂ ಇದನ್ನೇ ಹಿಡಿದುಕೊಂಡು ಹೋಗಿದ್ದೆ. ನಾಕ್ಸ್ ಸಾಹೇಬರ ಏಳನೆಯ ನಿಯಮ ನೆನಪಾಯಿತು. ಹೆಂಡತಿಗೆ ಏನು ಹೇಳಲೂ ತೋಚಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ, ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಅವತ್ತು ಅರ್ಧ ಗಂಟೆ ಮೊದಲೇ ಚರ್ಚಿಗೆ ಹೋದೆ. ಯಾರೂ ಬಂದಿರಬಾರದು ಅಂತ. ಛತ್ರಿಯನ್ನು ಗೋಡೆಗೆ, ಉಳಿದ ಬೇವಾರಸಿ ಛತ್ರಿಗಳ ಪಕ್ಕ ಒರಗಿಸಿ ಇಟ್ಟೆ. ಕೆಂಪು ದಾರ ಕಾಣುವ ಹಾಗೆ ಹಿಡಿಕೆ ಹೊರಗೆ ತಿರುಗಿಸಿದೆ. ಹಿಂದೆ ಕಸಬರಿಗೆ ಸದ್ದು ಕೇಳಿತು.

"ಏನ್ ಸರ್, ಇವತ್ತ ಲಗೂನ ಬಂದೀರಿ?" ಅಂದರು ಆಯಿ.

"ಸುಮ್ನೆ ಆಯಿ" ಅಂದೆ.

ಆಯಿ ಕೆಳಗೆ ನೀರಿನ ಗೆರೆ ನೋಡಿದರು. ಗೇಟಿನಿಂದ ಆ ಛತ್ರಿಯ ತನಕ ಇತ್ತು. ಏನೂ ಅನ್ನದೆ ಅದರ ಮೇಲೇ ಕಸಬರಿಗೆ ಆಡಿಸಿ ಒರೆಸಿಕೊಂಡು ಹೋದರು.

ಆರಾಧನೆ ಮುಗಿದಾಗ ಮಳೆ ಇನ್ನೂ ಸುರಿಯುತ್ತಲೇ ಇತ್ತು. ಕೆಂಪು ದಾರದ ಛತ್ರಿ ಹೋಗಿತ್ತು. ಯಾರು ಒಯ್ದರೋ ನೋಡಲಿಲ್ಲ. ಆಯಿ ಜಗಲಿಯ ರಾಶಿ ಕಡೆ ಕೈ ಮಾಡಿ, "ಹೋಗೂ ಮುಂದ ತೊಯ್ಕೋತೀರಿ ಸರ್, ಇದರಾಗ ನಿಮ್ದೂ ಇರಬೇಕಲ್ಲ, ತಗೊಳ್ರಿ" ಅಂದರು. ಬಗ್ಗಿ ನೋಡಿದೆ. ಏಳೂ ಕರಿ, ಏಳೂ ಬಾಗಿದ ಹಿಡಿಕೆ. ಒಂದೊಂದೇ ಎತ್ತಿ ನೋಡಿ ಇಟ್ಟೆ. ಯಾವುದು ನನ್ನದು ಅಂತ ಆಣೆ ಮಾಡಿ ಹೇಳಲು ಆಗಲಿಲ್ಲ. ಗೋವಾವೇಸ್ ಸರ್ಕಲ್ ತನಕ ನೆನೆದುಕೊಂಡೇ ನಡೆದೆ.