ಜೇನಲ್ಲ ಸಾರ್, ಜೀನು

ನಮ್ಮ ಮನೆ ಹಿಂದೆ ಒಂದು ಬೀಟೆ ಮರ ಇದೆ. ಹೋದ ಮಳೆಗಾಲದ ಗಾಳಿಗೆ ಮನೆ ಕಡೆಗೇ ವಾಲಿತು. ಹೆಂಚಿನ ಮೇಲೆ ಬೀಳುವ ಮುಂಚೆ ಕಡಿಸೋಣ ಅಂತ ಅರ್ಜಿ ಹಾಕಿದೆ. ಪಹಣಿ ಕೊಡಿ ಅಂದರು, ನಕ್ಷೆ ಕೊಡಿ ಅಂದರು, ಮರದ ಸುತ್ತಳತೆ ಬರೆದು ಕೊಡಿ ಅಂದರು. ಎಲ್ಲ ಕೊಟ್ಟೆ. ಮರ ವಾಲಿಕೊಂಡೇ ಇದೆ. ಫೈಲೂ ಅಷ್ಟೇ.

ಅದೇ ಮನೆಯ ಅಡುಗೆಮನೆಯಲ್ಲಿ ಅಣ್ಣನ ಮಗ ಜೀನ್, ಅಂದರೆ ಜೀವಿಗಳ ವಂಶವಾಹಿ, ಕಡಿಯಲು ಕೂತ. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮೂಡಿಗೆರೆಯಿಂದ ಡಬ್ಬ ತಂದ ಕೊರಿಯರ್ ಹುಡುಗ ಮಾತ್ರ "ಒಟಿಪಿ ಹೇಳಣ್ಣ" ಅಂದ.

ಹುಡುಗ ಓದಿದ್ದು ಕಂಪ್ಯೂಟರ್. ವರ್ಕ್ ಫ್ರಂ ಹೋಮ್ ಅಂತ ಊರಿಗೆ ಬಂದವನು, ನೆಟ್‌ವರ್ಕ್ ಸಿಗುವ ಅಟ್ಟದ ಮೇಲೆ ಕೂತು ವಿಡಿಯೊ ನೋಡಿದ್ದೇ ಜಾಸ್ತಿ. "ಚಿಕ್ಕಪ್ಪ, ಕ್ರಿಸ್ಪರ್ ಅಂದ್ರೆ ಜೀನ್ ಕತ್ತರಿಸೋ ಕತ್ತರಿ ಇದ್ದಂಗೆ. 2020ರಲ್ಲಿ ಅದಕ್ಕೆ ನೊಬೆಲ್ ಬಂದಿದೆ. ನಮ್ಮ ಅರೇಬಿಕಾ ಕಾಫಿಗೆ ಕಾಂಡಕೊರಕ ಹುಳ ಬರದ ಹಾಗೆ ಮಾಡ್ತೀನಿ ನೋಡ್ತಿರಿ."

"ಎಷ್ಟು ದಿನ ಬೇಕೋ?"

"ಒಂದು ತಿಂಗಳು."

ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾಗಿದ್ದು 1925ರಲ್ಲಿ. ನೂರು ವರ್ಷ ಆಯಿತು, ಬಿಳಿ ಕಾಂಡಕೊರಕ ಇನ್ನೂ ನಮ್ಮ ಅರೇಬಿಕಾವನ್ನು ಆರಾಮಾಗಿ ಕೊರೆಯುತ್ತಿದೆ. ಪಾಪ, ಅವರಿಗೆಲ್ಲ ಅಟ್ಟದ ಮೇಲೆ ನೆಟ್‌ವರ್ಕ್ ಸಿಕ್ಕಿರಲಿಕ್ಕಿಲ್ಲ.

ಕಾಫಿಗೆ ಕೈ ಹಾಕುವ ಮೊದಲು ಕೈ ಪಳಗಲಿ ಅಂತ ತರಿಸಿದ್ದು ಬ್ಯಾಕ್ಟೀರಿಯಾ ಕಿಟ್. ಅದರಲ್ಲಿ ಇ. ಕೋಲಿ ಇತ್ತು. ನಮ್ಮ ಕರುಳಲ್ಲಿರುವ ಜಾತಿಯದೇ, ಲ್ಯಾಬಿನಲ್ಲಿ ಸಾಕಿದ ಸಾಧು ತಳಿ. ಅದಕ್ಕೆ ಜೆಲ್ಲಿ ಫಿಶ್‌ನ ಜೀನ್ ಸೇರಿಸಿದರೆ ಹಸಿರಾಗಿ ಹೊಳೆಯುತ್ತದಂತೆ. ಸೇರಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಅದಕ್ಕೊಂದು ಉಪಾಯ ಇದೆ. ಆ್ಯಂಟಿಬಯೋಟಿಕ್‌ಗೆ ಸಾಯದಂತೆ ಮಾಡುವ ಇನ್ನೊಂದು ಜೀನನ್ನೂ ಜೊತೆಗೆ ಸೇರಿಸುತ್ತಾರೆ. ಔಷಧಿ ಬೆರೆಸಿದ ತಟ್ಟೆಯಲ್ಲಿ ಬದುಕಿದವೇ ಪಾಸು. ಅಂದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಸುವುದು ಒಂದನೇ ಪಾಠ!

ತಟ್ಟೆಗೆ ಹುಯ್ಯುವ ಅಗರ್ ಅಂದರೆ ನಮ್ಮ ಚೀನಾಗ್ರಾಸೇ. ಅದು ಬೆಂದಿದ್ದು ಹುರುಳಿಕಾಳು ಬೇಯುವ ಕುಕ್ಕರಿನಲ್ಲಿ. ಬ್ಯಾಕ್ಟೀರಿಯಾವನ್ನು 42 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಬೇಕಿತ್ತು. ಹಂಡೆಯಿಂದ ಚೊಂಬಿನಲ್ಲಿ ನೀರು ತಂದು ಬೆರಳಿಟ್ಟು ನೋಡಿದ. "ಸ್ನಾನದ ನೀರಿಗಿಂತ ಸ್ವಲ್ಪ ಜಾಸ್ತಿ, ಸಾಕು." ಆಮೇಲೆ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡಬೇಕು. ಜುಲೈ ತಿಂಗಳ ಮಲೆನಾಡಿನಲ್ಲಿ! ಇಲ್ಲಿ ದೋಸೆಹಿಟ್ಟೇ ಎರಡು ದಿನ ಉಬ್ಬದೆ ಮುನಿಸಿಕೊಂಡು ಕೂತಿರುತ್ತೆ. ಕೊನೆಗೆ ಹಿಟ್ಟಿನ ಪಾತ್ರೆಗೂ ತಟ್ಟೆಗೂ ಒಂದೇ ಕಂಬಳಿ ಹೊದಿಸಿ ನೀರೊಲೆ ಪಕ್ಕ ಇಟ್ಟ. ಬೆಳಗ್ಗೆ ಹಿಟ್ಟು ಉಬ್ಬಿತ್ತು, ತಟ್ಟೆ ತುಂಬ ಚುಕ್ಕಿ ಎದ್ದಿತ್ತು. ನಾನು ಅವತ್ತು ಉಪ್ಪಿಟ್ಟು ಮಾಡಿಸಿಕೊಂಡೆ.

ಇವನೊಬ್ಬನಿಗೇ ತಲೆ ಕೆಟ್ಟಿದೆ ಅನ್ನುವ ಹಾಗಿಲ್ಲ. ಇಂಥ ಕಿಟ್ ಮಾರುವ ಅಮೆರಿಕದ ಜೋಸಾಯಾ ಜೇನರ್ 2017ರಲ್ಲಿ ತುಂಬಿದ ಸಭೆಯಲ್ಲಿ ತೋಳಿಗೆ ಕ್ರಿಸ್ಪರ್ ಚುಚ್ಚಿಕೊಂಡರು. ಮಾಂಸಖಂಡ ಉಬ್ಬಲಿ ಅಂತ. ಉಬ್ಬಲಿಲ್ಲ. ಮುಂದಿನ ವರ್ಷ ಅವರೇ, ಹೀಗೇ ಆದರೆ ಯಾರಿಗಾದರೂ ಅಪಾಯ ಆಗುತ್ತೆ ಅಂದರು. 2019ರಲ್ಲಿ ಕ್ಯಾಲಿಫೋರ್ನಿಯಾದವರು ಕಾನೂನು ಮಾಡಿ, 'ನಿಮಗೆ ನೀವೇ ಚುಚ್ಚಿಕೊಳ್ಳಬೇಡಿ' ಅನ್ನುವ ಚೀಟಿ ಅಂಟಿಸದೆ ಜೀನ್ ಥೆರಪಿ ಕಿಟ್ ಮಾರಬಾರದು ಅಂದರು. ಬೀಡಿ ಕಟ್ಟಿನ ಮೇಲೆ ಬರೆದ ಹಾಗೆ. ಜರ್ಮನಿಯ ಬವೇರಿಯಾದಲ್ಲಿ ಇಂಥ ಕಿಟ್ ಬಿಚ್ಚಿ ಪರೀಕ್ಷೆ ಮಾಡಿದಾಗ ಸಾಧು ತಳಿಯ ಜೊತೆ ರೋಗ ತರುವ, ಹಲವು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೂ ಸಿಕ್ಕಿದವು.

ನಮ್ಮಲ್ಲೂ ನಿಯಮ ಇದೆ, 1989ರಿಂದಲೇ. ಜೀನ್ ಬದಲಿಸಿದ ಸೂಕ್ಷ್ಮಜೀವಿಯನ್ನು ಒಪ್ಪಿಗೆ ಇಲ್ಲದೆ ತರಿಸುವ ಹಾಗಿಲ್ಲ, ಬಳಸುವ ಹಾಗಿಲ್ಲ. ಸರಿ, ಒಪ್ಪಿಗೆ ಎಲ್ಲಿ ಸಿಗುತ್ತೆ ಅಂತಲಾದರೂ ಕೇಳೋಣ ಅಂತ ಒಂದು ಕಚೇರಿಗೆ ಹೋದೆ.

"ಮನೇಲಿ ಜೀನ್ ಕೆಲಸ ಮಾಡೋಕೆ ಪರ್ಮಿಷನ್ ಬೇಕಿತ್ತು ಸಾರ್."

"ಜೇನಿಗೆ ಪರ್ಮಿಷನ್ ಯಾಕೆ ಗೌಡ್ರೆ? ಸಬ್ಸಿಡಿನೇ ಇದೆ. ಎಷ್ಟು ಪೆಟ್ಟಿಗೆ?"

"ಜೇನಲ್ಲ ಸಾರ್, ಜೀನು."

"ಅದೇ ರೀ. ತುಡುವೆನೋ, ಮೆಲ್ಲಿಫೆರಾನೋ?"

"ಬ್ಯಾಕ್ಟೀರಿಯಾ."

ಕನ್ನಡಕದ ಮೇಲಿಂದ ನೋಡಿದರು. "ಕಚ್ಚುತ್ತಾ?"

"ಇಲ್ಲ."

"ಮತ್ತೇನು ಭಯ? 'ಇತರೆ' ಅಂತ ಬರೀರಿ. ಪಹಣಿ ತಂದಿದೀರಾ?"

ತಂದಿದ್ದೆ. ಬೀಟೆ ಮರದ ದಯೆಯಿಂದ ನನ್ನ ಚೀಲದಲ್ಲಿ ಪಹಣಿ ಯಾವಾಗಲೂ ಇರುತ್ತೆ.

ಮನೆಗೆ ಬಂದರೆ ಫ್ರಿಜ್ಜು ಲಕಲಕ ಅನ್ನುತ್ತಿತ್ತು. ನಮ್ಮಮ್ಮ ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸದೆ ಒಲೆಗೆ ಇಡುವವಳಲ್ಲ. ಅಂಥ ಶಿಸ್ತಿನ ಹೆಂಗಸು. 'ಚೀನಾಗ್ರಾಸ್ ಹಳಸಿತ್ತು' ಅಂತ ಹುಡುಗ ಫ್ರಿಜ್ಜಿನಲ್ಲಿಟ್ಟಿದ್ದ ಬ್ಯಾಕ್ಟೀರಿಯಾ ತಟ್ಟೆಗಳನ್ನೆಲ್ಲ ಕೆರೆದು ಸಿಂಕಿನಲ್ಲಿ ತೊಳೆದು ಕವುಚಿಟ್ಟಿದ್ದಳು. ಬ್ಲೀಚ್ ಸುರಿದು ಕೊಂದು ಆಮೇಲೆ ಬಿಸಾಕಿ ಅಂತ ಕಿಟ್‌ನ ಚೀಟಿಯಲ್ಲಿ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ.

"ಅದು ಹೊರಗೆ ಜಾಸ್ತಿ ದಿನ ಬದುಕಲ್ಲ ಚಿಕ್ಕಪ್ಪ" ಅಂದ ಹುಡುಗ. ನಿಜ ಇರಬಹುದು. ಆದರೆ ಸಾಯುವ ಮುಂಚೆ ಔಷಧಿಗೆ ಬಗ್ಗದ ಗುಣವನ್ನು ಅಕ್ಕಪಕ್ಕದ ಗಟ್ಟಿ ಬ್ಯಾಕ್ಟೀರಿಯಾಗಳಿಗೆ ದಾಟಿಸಿ ಹೋಗಬಹುದಲ್ವಾ? ಅವುಗಳಲ್ಲಿ ಆಸ್ತಿ ಭಾಗಕ್ಕೆ ತಹಶೀಲ್ದಾರರು ಬೇಕಿಲ್ಲ. ನಮ್ಮ ಸಿಂಕಿನ ನೀರು ಬಾಳೆ ಬುಡಕ್ಕೆ ಹೋಗುತ್ತೆ. ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ, ಹೇಮಾವತಿಯಿಂದ ಗೊರೂರು ಅಣೆಕಟ್ಟಿಗೆ. ಹಾಸನದವರು ಕ್ಷಮಿಸಬೇಕು.

ಮೊನ್ನೆ ಕಚೇರಿಯಿಂದ ಇಬ್ಬರು ಸ್ಥಳ ಪರಿಶೀಲನೆಗೆ ಬಂದಿದ್ದರು. ಎರಡು ಜೇನುಪೆಟ್ಟಿಗೆ ಮಂಜೂರಾಗಿದೆಯಂತೆ. ಅಡುಗೆಮನೆಯಲ್ಲಿ ಕಾಫಿ ಕುಡಿದು, ಕುಕ್ಕರ್ ಪಕ್ಕದಲ್ಲಿದ್ದ ಹುಡುಗನ ಹೊಸ ಡಬ್ಬವನ್ನು ಆಚೆ ಸರಿಸಿ ಲೋಟ ಇಟ್ಟು ಎದ್ದರು. ಹೋಗುವಾಗ ಹಿತ್ತಲು ನೋಡಿ, ಪೆಟ್ಟಿಗೆಯನ್ನು ಆ ಬೀಟೆ ಮರದ ಕೆಳಗೆ ಮಾತ್ರ ಇಡಬೇಡಿ, ಅದು ತುಂಬಾ ವಾಲಿದೆ ಅಂದರು.