ಭಜಿ ಉಬ್ಬಲಿಲ್ಲ

ಸ್ಟೀರಾಯ್ಡ್ ಸೂಜಿ ಚುಚ್ಚಿಸಿಕೊಳ್ಳದೆ ಬರೀ ಊಟ, ನಿದ್ದೆ, ಕಸರತ್ತಿನ ಮೇಲೆ ಮೈ ಕಟ್ಟುವವರಿಗೆ ಜಿಮ್‌ನಲ್ಲಿ ‘ನ್ಯಾಚುರಲ್’ ಅನ್ನುತ್ತಾರೆ. ಇದರ ದೊಡ್ಡ ತೊಂದರೆ ಅಂದರೆ, ಕಟ್ಟಿದ್ದು ಯಾರಿಗೂ ಕಾಣುವುದಿಲ್ಲ. ಮೊದಲ ವರ್ಷ ಕಳೆದ ಮೇಲೆ ವರ್ಷಕ್ಕೆ ಒಂದೆರಡು ಕೆಜಿ ಸ್ನಾಯು ಬಂದರೆ ಅದೇ ಪುಣ್ಯ. ಅದೂ ಅಂಗಿಯ ಒಳಗೆ. ಹುಬ್ಬಳ್ಳಿಯ ನಮ್ಮ ಓಣಿಯ ಮಂದಿಗೆ ಕಾಣುವುದು ಎರಡೇ: ತೂಕ ಏರಿಸುವಾಗ ಬರುವ ಹೊಟ್ಟೆ, ಇಳಿಸುವಾಗ ಬತ್ತುವ ಮುಖ. “ಹೊಟ್ಟಿ ಬಂತಲ್ಲೋ” ಅಂದವರೇ ನಾಲ್ಕು ತಿಂಗಳಿಗೆ “ಜ್ವರ ಬಂದಿತ್ತೇನು?” ಅನ್ನುತ್ತಾರೆ.

ಇನ್ನು ಪ್ರೋಟೀನ್. ಮೈ ಕಟ್ಟುವವರಿಗೆ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.6ರಿಂದ 2.2 ಗ್ರಾಂ ಬೇಕು. ನನ್ನ 70 ಕೆಜಿಗೆ ಕಡಿಮೆ ಅಂದರೂ 112 ಗ್ರಾಂ. ನಮ್ಮ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವ ಹಾಗಿಲ್ಲ. ಅವ್ವನ ಪ್ರಕಾರ ಜಗತ್ತಿನ ಪ್ರೋಟೀನ್ ಎಲ್ಲಾ ಶೇಂಗಾದಲ್ಲೇ ಇದೆ. ಇಲ್ಲ ಅನ್ನಲಾಗದು, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಆದರೆ ಜೊತೆಗೆ 50 ಗ್ರಾಂ ಹತ್ತಿರ ಕೊಬ್ಬೂ ಇದೆ. ಬರೀ ಶೇಂಗಾದಿಂದ ಲೆಕ್ಕ ತುಂಬಿಸಹೊರಟರೆ ದಿನಕ್ಕೆ ಅರ್ಧ ಕೆಜಿ ಹತ್ತಿರ ಬೇಕು. ಆಗುವ ಕ್ಯಾಲೊರಿ 2,500. ಆಮೇಲೆ ರೊಟ್ಟಿ, ಎಣ್ಣೆಗಾಯಿ ಎಲ್ಲಾ ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳಬೇಕು.

ಹಾಗಾಗಿ ಸೋಯಾ, ಪನೀರು, ಗಟ್ಟಿ ಮೊಸರು, ಮಡಕಿ ಕಾಳು, ಒಂದು ಡಬ್ಬಿ ‘ವೇ’ ಅನ್ನುವ ಹಾಲಿನ ಪ್ರೋಟೀನ್ ಪುಡಿ. ಎಲ್ಲವನ್ನೂ ತೂಗಿಯೇ ತಿನ್ನುವುದು. ತೂಕದ ಯಂತ್ರ ಅಡಿಗೆಮನೆಗೆ ಬಂದ ದಿನ ಅವ್ವ, “ತೂಗಿ ತಿನ್ನಾಕ ರೊಟ್ಟಿ ಏನ್ ಬಂಗಾರ ಏನೋ?” ಅಂದಳು. ವಾರ ಕಳೆಯುವಷ್ಟರಲ್ಲಿ ಅದೇ ಯಂತ್ರ ಕಟ್ಟೆಯ ಮೇಲೆ ತರಕಾರಿಯವನ ಅರ್ಧ ಕೆಜಿಯನ್ನು ಪರೀಕ್ಷೆ ಮಾಡುತ್ತಿತ್ತು. ಈಗ ಅವನು ನಮ್ಮ ಮನೆಗೆ ಕೇಳದೇ ಒಂದು ಟೊಮೆಟೊ ಜಾಸ್ತಿ ಹಾಕುತ್ತಾನೆ.

ನಿಜವಾದ ರಾಮಾಯಣ ಆದದ್ದು ಕ್ರಿಯಾಟಿನ್‌ನಿಂದ. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಜಿಮ್ ಪುಡಿಗಳಲ್ಲಿ ನಿಜವಾಗಿ ಕೆಲಸ ಮಾಡುವ ಕೆಲವೇ ಕೆಲವುಗಳಲ್ಲಿ ಇದೊಂದು. ಸ್ನಾಯುವಿನೊಳಗೆ ನೀರು ಎಳೆದುಕೊಳ್ಳುವುದರಿಂದ ಶುರುವಿನಲ್ಲೇ ತೂಕ ಒಂದೆರಡು ಕೆಜಿ ಏರುವುದುಂಟು. ನೋಡಲು ಬಿಳಿ ಪುಡಿ. ವಾಸನೆ ಇಲ್ಲ, ರುಚಿಯೂ ಇಲ್ಲ. ಪಾಕೀಟು ಹರಿದಿದೆ ಅಂತ ಚಿಗವ್ವ ಅದನ್ನು ಹಳೆಯ ಕಾಫಿ ಬಾಟಲಿಗೆ ಸುರುವಿ ಒಲೆಯ ಪಕ್ಕ ಇಟ್ಟಿದ್ದಳು.

ಅವತ್ತು ಮಳೆ. ಬೀಗರು ಬಂದಿದ್ದರು. ಮಿರ್ಚಿ ಭಜಿ ಆಗಲೇಬೇಕಲ್ವಾ? ಕಡಲೆಹಿಟ್ಟಿಗೆ ಉಪ್ಪು, ಅಜವಾನ, ಒಂದು ಚಿಟಿಕೆ ‘ಸೋಡಾ’ ಬಿತ್ತು. ಮೆಣಸಿನಕಾಯಿ ಸೀಳಿ, ಹಿಟ್ಟಿನಲ್ಲಿ ಅದ್ದಿ, ತೊಟ್ಟು ಹಿಡಿದು ಎಣ್ಣೆಗೆ ಬಿಟ್ಟಳು. ಬುರ್ ಅಂತ ಉಬ್ಬಿ ತೇಲಬೇಕಾದದ್ದು ತಳ ಹಿಡಿದು ಸುಮ್ನೆ ಕೂತಿತು. ಚಿಗವ್ವ ಮೊದಲು ಹಿಟ್ಟನ್ನು ಬೈದಳು, ಆಮೇಲೆ ಕಿರಾಣಿ ಅಂಗಡಿಯವನನ್ನು. ಇನ್ನೂ ಒಂದು ಚಮಚ ಹಾಕಿದಳು. ಮತ್ತೊಂದು ಹಾಕಿದಳು. ನಾನು ಜಿಮ್‌ನಿಂದ ಬಂದು ಬಾಟಲಿ ನೋಡಿ, “ಅಯ್ಯೋ, ನನ್ನ ಪುಡಿ!” ಅಂದೆ. ಪಡಸಾಲೆಯಲ್ಲಿ ಬಾಯಿ ಆಡಿಸುವ ಸದ್ದು ನಿಂತಿತು.

“ವಿಷ ಏನೋ?” ಕಾಕಾ ಕೇಳಿದ.

“ಅಲ್ಲ ಕಾಕಾ, ಶಕ್ತಿ ಬರೋ ಪುಡಿ.”

ಇದನ್ನು ಕೇಳಿ ಬೀಗರಲ್ಲಿ ಹಿರಿಯರೊಬ್ಬರು ಭಜಿಯ ತಟ್ಟೆಯನ್ನೇ ತಮ್ಮ ಕಡೆ ಎಳೆದುಕೊಂಡರು. “ಭಜಿ ಉಬ್ಬಲಿಲ್ಲ, ತಿಂದವರರೆ ಉಬ್ಬಲಿ ಬಿಡು” ಅಂದ ಅಪ್ಪ.

ಮದುವೆಗಳದ್ದು ಬೇರೆ ಕಥೆ. ಸ್ಕ್ವಾಟ್ಸ್‌ನಲ್ಲಿ, ಅಂದರೆ ಭಾರ ಹೊತ್ತು ಹೊಡೆಯುವ ಬೈಠಕ್‌ನಲ್ಲಿ, ಭಾರ ಏರಿಸಿದರೆ ಕಾಲು ನೋವು ಅವತ್ತೇ ಬರುವುದಿಲ್ಲ. ಒಂದು ದಿನ ಬಿಟ್ಟು ಎರಡನೇ, ಮೂರನೇ ದಿನಕ್ಕೆ ಜೋರಾಗುತ್ತದೆ. ಗದಗದ ಮದುವೆಯೊಂದರ ಮುಹೂರ್ತ ಸರಿಯಾಗಿ ಅಲ್ಲಿಗೇ ಬಿದ್ದಿತ್ತು. ಸಾಲಾಗಿ ಕುರ್ಚಿ ಹಾಕಿ ಹಿರಿಯರು ಕೂತಿದ್ದರು. ಮೊದಲನೇ ಅಜ್ಜನ ಕಾಲಿಗೆ ಬಗ್ಗಿದೆ. ಏಳಲು ಆಗಲೇ ಇಲ್ಲ. “ಸಾಕೇಳೋ ತಮ್ಮಾ” ಅಂದರೂ ಪಾದ ಬಿಡಲಿಲ್ಲ. ಬಿಟ್ಟಿದ್ದರೆ ಬೀಳುತ್ತಿದ್ದೆ. ಕೂತಲ್ಲೇ ಸರಿಯುತ್ತ ಇಡೀ ಸಾಲಿನ ಕಾಲು ಮುಗಿಸಿದೆ. “ಈಗಿನ ಹುಡುಗರಾಗ ಇಂಥಾ ಭಕ್ತಿ ಎಲ್ಲೈತವ್ವಾ” ಅಂತ ಅಜ್ಜಿಯೊಬ್ಬಳು ಕಣ್ಣೀರು ಹಾಕಿದಳು. ಜೇಬಿಗೆ ನೂರರ ನೋಟುಗಳೂ ಬಿದ್ದವು.

ಅದೇ ಮದುವೆಯಲ್ಲಿ ಕಾಕಾ ನನ್ನ ಗಲ್ಲ ಹಿಡಿದು ನೋಡಿದ. ಆಗ ನಾನು ಕೊಬ್ಬು ಇಳಿಸುತ್ತಿದ್ದೆ, ದಿನಕ್ಕೆ 400 ಕ್ಯಾಲೊರಿ ಕಡಿಮೆ. “ಸೊರಗೀದಲ್ಲೋ. ಶುಗರ್ ಇರಬೇಕು ನಿನಗ” ಅಂತ ಸೋಮವಾರ ಲ್ಯಾಬಿಗೆ ಎಳೆದುಕೊಂಡು ಹೋದ. ಇಬ್ಬರಿಗೆ ಮಾಡಿಸಿದರೆ ಅಗ್ಗ ಅಂತ ತನ್ನ ರಕ್ತವನ್ನೂ ಕೊಟ್ಟ.

ನನ್ನ ಶುಗರ್ ಸರಿ ಇತ್ತು. ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಕ್ರಿಯಾಟಿನಿನ್ ಮಾತ್ರ ಗೆರೆಗಿಂತ ಸ್ವಲ್ಪ ಮೇಲೆ. ಕ್ರಿಯಾಟಿನ್ ಮೈಯಲ್ಲಿ ಒಡೆದು ಆಗುವುದೇ ಅದು. ಪುಡಿ ತಿನ್ನುವವರಿಗೆ, ಸ್ನಾಯು ಜಾಸ್ತಿ ಇರುವವರಿಗೆ ಕಿಡ್ನಿ ಚೆನ್ನಾಗಿದ್ದರೂ ಸ್ವಲ್ಪ ಏರಿ ತೋರಿಸಬಹುದು. ಡಾಕ್ಟರು ಕೆಲವು ವಾರ ಪುಡಿ ಬಿಡಿಸಿ ಮತ್ತೆ ನೋಡಿದರು, ಇಳಿದಿತ್ತು. ಅಷ್ಟರೊಳಗೆ ಅವ್ವ ನನಗೆ ಬಾರ್ಲಿ ನೀರು ಕುಡಿಸಿ ಕುಡಿಸಿ ರಾತ್ರಿ ನಿದ್ದೆ ಕೆಡಿಸಿದ್ದಳು. ಚಿಗವ್ವ ಬೀಗರಿಗೆಲ್ಲ ಫೋನ್ ಹಚ್ಚಿ “ಆರಾಮ ಅದೀರಿಲ್ಲೋ?” ಅಂತ ವಿಚಾರಿಸಿದ್ದಳು, ಕಾರಣ ಹೇಳದೆ.

ಕಾಕಾನ ಶುಗರ್ ಮಾತ್ರ ಖಾಲಿ ಹೊಟ್ಟೆಯಲ್ಲೇ 180 ದಾಟಿತ್ತು. ಡಾಕ್ಟರು ಗುಳಿಗೆ ಬರೆದು, ದಿನಾ ವಾಕ್ ಮಾಡಿ, ಜೊತೆಗೆ ಸ್ನಾಯುಗಳಿಗೂ ಕೆಲಸ ಕೊಡಿ, ಸಕ್ಕರೆ ಸುಡುವುದು ಅಲ್ಲೇ ಅಂದರು. ಕಾಕಾ ಉಣಕಲ್ ಕೆರೆಗೆ ವಾಕ್ ಶುರು ಮಾಡಿದ. ಮೊದಲ ದಿನವೇ ಕಿಟಕಿ ಸರಳು ಹಿಡಿದು 50 ಬೈಠಕ್ ಹೊಡೆದ. ಹತ್ತೇ ಸಾಕು ಅಂದರೆ ಕೇಳಲಿಲ್ಲ. “ನಮ್ಮ ಕಾಲದಾಗ ನೂರು ಹೊಡೀತಿದ್ವಿ” ಅಂದ.

ಮೂರನೇ ದಿನ ಬೆಳಗ್ಗೆ ಕಾಕಾ ಮನೆಯಲ್ಲಿ ಇರಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ, ಆಟೋ ಹತ್ತಿ, ವಿದ್ಯಾನಗರದ ಅತ್ತೆಯ ಮನೆ ಸೇರಿದ್ದ. ಅಲ್ಲಿ ಕಮೋಡ್ ಇದೆ.