ಸ್ವೆಟರ್ ಮ್ಯಾಲೆ ಯಾವ ಸಿಟ್ಟು?

ನಮ್ಮ ಬೆಳಗಾವಿಯಲ್ಲಿ ಸ್ವೆಟರ್ ಅಂದರೆ ಮೂರು ತಿಂಗಳ ನೆಂಟ. ದೀಪಾವಳಿ ಕಳೆದ ಮೇಲೆ ಟ್ರಂಕಿನಿಂದ ಎದ್ದು ಬರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋದಾಗ ಅದೂ ವಾಪಸ್ ಹೋಗುತ್ತದೆ. ಉಳಿದ ತಿಂಗಳು ಟ್ರಂಕಿನೊಳಗೆ ಏನು ನಡೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಈ ಸಲ ತೆಗೆದು ನೋಡಿದರೆ, ಅವ್ವ ಹೆಣೆದ ನನ್ನ ಮರೂನ್ ಸ್ವೆಟರಿನ ಮೊಣಕೈಗೆ ಎಂಟಾಣೆ ಅಗಲದ ತೂತು. ಅದರ ಸುತ್ತ ಸಾಸಿವೆಯಷ್ಟು ನಾಲ್ಕು ಮರಿ ತೂತು. ನುಸಿ! ಇಟ್ಟಿದ್ದ ಡಾಂಬರ ಗುಳಿಗೆ ಕರಗಿ, ಬರೀ ವಾಸನೆ ಉಳಿದಿತ್ತು.

ಟ್ರಂಕಿನಿಂದ ಹಾರಿದ ನುಸಿಯನ್ನು ಅಟ್ಟಿಸಿಕೊಂಡು ಹೋಗಿ ಚಪ್ಪಾಳೆ ತಟ್ಟಿದೆ. ಆಮೇಲೆ ಗೊತ್ತಾಯಿತು, ಹಾರುವ ನುಸಿ ಏನನ್ನೂ ತಿನ್ನುವುದಿಲ್ಲವಂತೆ. ತಿನ್ನುವುದೆಲ್ಲ ಅದರ ಮರಿಹುಳು. ಅಪ್ಪ ಅಮ್ಮ ಉಪವಾಸ, ಮಕ್ಕಳ ಹೊಟ್ಟೆ ತುಂಬಿದರೆ ಸಾಕು. ಅದೆಲ್ಲೋ ಕೇಳಿದ ಸಂಸಾರದ ಕಥೆ ಅಲ್ವಾ?

ಇನ್ನೂ ಒಂದು ಮಜಾ. ಅದೇ ಟ್ರಂಕಿನಲ್ಲಿದ್ದ ಬೇರೆ ಮೂರು ಸ್ವೆಟರಿಗೆ ಒಂದು ತೂತೂ ಇರಲಿಲ್ಲ. ಮೂರನ್ನೂ ‘ಪ್ಯೂರ್ ಉಲನ್’ ಅಂತಲೇ ಮಾರಿದ್ದರು, ನಾವೂ ಹಾಗಂತಲೇ ಕೊಂಡಿದ್ದೆವು. ಅನುಮಾನ ಬಂದು ಒಂದೊಂದರಿಂದ ಎಳೆ ಕಿತ್ತು ಕಡ್ಡಿ ಗೀರಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇವು ಮೂರೂ ಪ್ಲಾಸ್ಟಿಕ್ಕಿನ ಹಾಗೆ ಕರಗಿ, ಕರೀ ಮಣಿಯಾಗಿ ಗಟ್ಟಿಯಾದವು. ಅಕ್ರಿಲಿಕ್ಕು. ಅವ್ವನ ಸ್ವೆಟರ್ ಒಂದೇ ಅಸಲಿ, ಅದಕ್ಕೆ ನುಸಿಯೇ ತೂತು ಹೊಡೆದು ಸರ್ಟಿಫಿಕೇಟ್ ಕೊಟ್ಟಿತ್ತು.

ಅರಿವೆ ಹರಿದರೆ ನಮ್ಮ ಕಡೆ ಯಾರೂ ಗಾಬರಿಯಾಗುವುದಿಲ್ಲ. ತ್ಯಾಪೆ ಹಚ್ಚುತ್ತೇವೆ. ತೀರಾ ಹಳೆಯದಾದರೆ ಕೌದಿಯೊಳಗೆ ಸೇರಿಸುತ್ತೇವೆ. ಆದರೆ ಹೆಣೆದ ಉಣ್ಣೆಯ ಮೇಲೆ ಅರಿವೆಯ ತ್ಯಾಪೆ ಹಚ್ಚಿದರೆ, ಸ್ವೆಟರ್ ಹಿಗ್ಗಿದಾಗ ತ್ಯಾಪೆ ಹಿಗ್ಗುವುದಿಲ್ಲ, ಎರಡಕ್ಕೂ ಜಗಳ. ರಫು ಮಾಡಿಸೋಣ ಅಂದರೆ, ನನಗೆ ಗೊತ್ತಿದ್ದ ಒಬ್ಬರೇ ರಫು ಮಾಡುವವರು ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಪುಣೆಯಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿಕೊಂಡೆ. ವಾರದೊಳಗೆ ಒಂದು ಪುಟ್ಟ ಡಬ್ಬಿ ಬಂತು. ಒಳಗೆ ನಾಲ್ಕು ಸೂಜಿ. ಒಂದಕ್ಕೂ ಕಣ್ಣಿಲ್ಲ!

ನನಗೆ ಖುಷಿಯೇ ಆಯಿತು. ಚಾಳೀಸು ಏರಿಸಿ, ದಾರದ ತುದಿಗೆ ಎಂಜಲು ಹಚ್ಚಿ, ಉಸಿರು ಹಿಡಿದು ಪೋಣಿಸುವ ಕಷ್ಟವೇ ಇಲ್ಲ. ಇದು ಫೆಲ್ಟಿಂಗ್ ಸೂಜಿ. ಬೆಳಕಿಗೆ ಹಿಡಿದು ನೋಡಿದರೆ ಕೆಳಭಾಗಕ್ಕೆ ಮೂರು ಅಂಚು, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ಸೂಜಿ ಇಳಿಯುವಾಗ ಕಚ್ಚು ಉಣ್ಣೆಯ ಎಳೆಯನ್ನು ಹಿಡಿದು ಕೆಳಗೆ ಎಳೆದುಕೊಂಡು ಹೋಗುತ್ತದೆ. ಮೇಲೆ ಬರುವಾಗ ಎಳೆಯನ್ನು ಅಲ್ಲೇ ಬಿಟ್ಟು ಬರುತ್ತದೆ. ಹೀಗೆ ನೂರಾರು ಸಲ ಚುಚ್ಚಿದರೆ ಎಳೆಗೆ ಎಳೆ ಸಿಕ್ಕಿ ಜಮಖಾನೆಯಂತೆ ಗಟ್ಟಿಯಾಗುತ್ತದೆ. ಗಂಟಿಲ್ಲ, ಹೊಲಿಗೆಯಿಲ್ಲ.

ಇದರ ಗುಟ್ಟು ಇರುವುದು ಕುರಿಯ ಕೂದಲಲ್ಲಿ. ಅದರ ಮೈ ನುಣುಪಲ್ಲ, ಹೆಂಚು ಹೊದಿಸಿದ ಹಾಗೆ ಪೊರೆಯ ಮೇಲೆ ಪೊರೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಈ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡುವುದೇ ಇಲ್ಲ. ಎರಡು ವರ್ಷದ ಹಿಂದೆ ನನ್ನ ಬೂದುಬಣ್ಣದ ಸ್ವೆಟರನ್ನು ಮಷೀನಿಗೆ ಹಾಕಿ, ಚೊಕ್ಕ ಆಗಲಿ ಅಂತ ಬಿಸಿನೀರಿನ ಗುಂಡಿ ಒತ್ತಿದ್ದೆ. ಹೊರಗೆ ಬಂದದ್ದು ಐದು ವರ್ಷದ ಮೊಮ್ಮಗನ ಅಳತೆಯ ದಪ್ಪ ಅಂಗಿ. ಆವತ್ತು ಒಂದು ಸ್ವೆಟರ್ ಕೆಡಿಸಿದ ಗುಣವೇ ಇವತ್ತು ಇನ್ನೊಂದರ ತೂತು ಮುಚ್ಚಬೇಕಿತ್ತು.

ಇನ್ನು ಉಣ್ಣೆ. ಮರೂನ್ ಎಲ್ಲಿಂದ ತರುವುದು? ಗೆಳೆಯನೊಬ್ಬ ತನ್ನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿದ್ದ. ಕುರುಬರನ್ನು ಕೇಳಿ ಒಂದು ಹಿಡಿ ಕರೀ ಉಣ್ಣೆ ತಂದುಕೊಟ್ಟ. ನಮ್ಮ ದಖನಿ ಕುರಿಯದು, ಕಂಬಳಿ ನೇಯುವ ಒರಟು ಉಣ್ಣೆ. ಎರಡು ಸಲ ತೊಳೆದೆ, ಹುಲ್ಲುಮುಳ್ಳು ಆರಿಸಿದೆ. ಆರಿಸಿದಷ್ಟೂ ಬರುತ್ತಿತ್ತು. ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಆರಿಸಿದ ಹಾಗೆ ಅಂತಾರಲ್ಲ, ನಾನು ಕಂಬಳಿ ಆಗುವುದಕ್ಕೂ ಮೊದಲೇ ಕೂತಿದ್ದೆ. ಹಳೆಯ ಬಾಚಣಿಗೆಯಿಂದ ಹಿಂಜಿದ ಮೇಲೆ ಅದು ಹೊಗೆಯಷ್ಟು ಹಗುರವಾಯಿತು.

ತೋಳಿನೊಳಗೆ ದಪ್ಪ ಸ್ಪಂಜು ತುರುಕಿದೆ. ತೂತಿನ ಮೇಲೆ ಒಂದು ತೆಳು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಅಂಚು ದಾಟಿ ಅರ್ಧ ಬೆರಳು ಆಚೆಗೂ ಹರಡಿದೆ. ಚುಚ್ಚಲು ಶುರು ಮಾಡಿದೆ. ಟುಕ್ ಟುಕ್ ಟುಕ್. ಉಣ್ಣೆ ಕುಗ್ಗುತ್ತಾ ಕೆಳಗಿಳಿಯುತ್ತದೆ, ಅಂಚಿನ ಮರೂನಿಗೂ ಕಪ್ಪಿಗೂ ನಡುವಿನ ಗೆರೆ ಮೆಲ್ಲಗೆ ಮಸುಕಾಗುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅಡಿಗೆಮನೆಯಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. “ಏನ್ರೀ ಅದು? ಸ್ವೆಟರ್ ಮ್ಯಾಲೆ ಯಾವ ಸಿಟ್ಟು?”

“ಹೊಲ್ಯಾಕತ್ತೀನಿ.”

“ಹೊಲಿಯೂದ ಹಿಂಗ? ನಮ್ಮತ್ತಿ ಹೆಣೆದದ್ದಾ, ಸ್ವಲ್ಪ ಮರ್ಯಾದಿ ಇರ್ಲಿ.”

ಚುಚ್ಚಿ ಚುಚ್ಚಿ ಕೂಡಿಸುವುದು ಅವಳಿಗೆ ಹೊಸದೇನಲ್ಲ. ಮೂವತ್ತೆರಡು ವರ್ಷದಿಂದ ಮಾತಿನಲ್ಲಿ ಅದನ್ನೇ ಮಾಡುತ್ತಾ ಬಂದಿದ್ದಾಳೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಕೈಯಲ್ಲಿ ಸೂಜಿ ಇದ್ದರೂ.

ತಪ್ಪುಗಳೂ ಆದವು. ಸೂಜಿಯನ್ನು ನೆಟ್ಟಗೆ ಇಳಿಸಿ ನೆಟ್ಟಗೆ ತೆಗೆಯಬೇಕು. ನಾನು ಓರೆ ಮಾಡಿ ಮೀಟಿದೆ, ಪಟ್ ಅಂತ ಮುರಿಯಿತು. ಎರಡನೆಯದು ಬೆರಳಿಗೆ ಇಳಿಯಿತು. ಮಾತಿನ ನಡುವೆ ಎತ್ತಿ ನೋಡುವುದನ್ನು ಮರೆತು, ಸ್ವೆಟರ್ ಸ್ಪಂಜಿಗೇ ಅಂಟಿಕೊಂಡಿತ್ತು. ನಿಧಾನಕ್ಕೆ ಬಿಡಿಸಿ, ತೋಳು ತಿರುವಿ, ಒಳಗಿನಿಂದಲೂ ಒಂದು ಸುತ್ತು ಚುಚ್ಚಿದೆ. ಕೊನೆಗೆ ಒದ್ದೆ ಬಟ್ಟೆ ಹಾಕಿ ಮೆಲ್ಲಗೆ ಇಸ್ತ್ರಿ ತೋರಿಸಿದೆ. ತೂತು ಮುಚ್ಚಿತು. ಕಾಣುವುದಿಲ್ಲ ಅಂತ ಹೇಳಲಾರೆ. ಮೊಣಕೈ ಮೇಲೆ ಕರೀ ಕುರಿಮರಿ ಮುದುಡಿ ಮಲಗಿದ ಹಾಗಿದೆ. ಒರಟು ಉಣ್ಣೆ, ಒಳಗೆ ಸ್ವಲ್ಪ ಚುಚ್ಚುತ್ತದೆ ಕೂಡ.

ಮರುದಿನ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಕ್ಯಾಂಪ್ ಕಡೆ ವಾಕಿಂಗ್ ಹೋಗಿ ಬಂದೆ. ಚಹಾ ಕೊಡುವಾಗ ಹೆಂಡತಿ ಮೊಣಕೈಯನ್ನು ಬೆರಳಿನಿಂದ ಒತ್ತಿ ನೋಡಿದಳು, ಏನೂ ಅನ್ನಲಿಲ್ಲ. ಸಂಜೆ ತನ್ನ ಮೆಚ್ಚಿನ ಶಾಲು ತಂದು ಟೀಪಾಯಿ ಮೇಲಿಟ್ಟಳು. ಪ್ರವಾಸಕ್ಕೆ ಹೋದಾಗ ಅಸಲಿ ಉಣ್ಣೆ ಅಂತ ಭಾರೀ ಬೆಲೆ ಕೊಟ್ಟು ತಂದದ್ದು. ಮೊಳೆಗೆ ಸಿಕ್ಕಿ ಮೂಲೆಯಲ್ಲಿ ಹರಿದಿತ್ತು. ನುಸಿ ಮಾತ್ರ ಇಷ್ಟು ವರ್ಷದಲ್ಲಿ ಅದರ ಹತ್ತಿರ ಸುಳಿದಿಲ್ಲ.

ನಾನು ಒಂದು ಎಳೆ ಕಿತ್ತು ಕಡ್ಡಿಪೆಟ್ಟಿಗೆಗೆ ಕೈ ಹಾಕಿದೆ.

“ಅದನ್ನ ಸುಡೂದೇನೂ ಬ್ಯಾಡ,” ಅಂದಳು. “ಹಂಗೇ ಚುಚ್ಚ್ರಿ.”